ಕುಡಿತ ಬಿಟ್ಟ ಐದನೆಯ ವಾರ: ಬಾಗಲಕೋಟೆಯ ಒಂದು ಚಿಕಿತ್ಸಾಲಯದಲ್ಲಿ ಏಳು ತಿಂಗಳು

ಬಾಗಲಕೋಟೆಯ ನವನಗರದಲ್ಲಿರುವ ಒಂದು ಖಾಸಗಿ ಮನೋವೈದ್ಯಕೀಯ ಚಿಕಿತ್ಸಾಲಯಕ್ಕೆ ನಾನು ಏಳು ತಿಂಗಳಿಂದ ಹೋಗುತ್ತಿದ್ದೇನೆ. ಕುಡಿತ ಬಿಡಿಸುವುದು ಅಲ್ಲಿ ನಡೆಯುವ ಹಲವು ಕೆಲಸಗಳಲ್ಲಿ ಒಂದು. ಅದರ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೊಗಳಿಕೆಯ ಜೊತೆಗೆ ದೂರುಗಳೂ ಇವೆ. ಅಲ್ಲದೆ ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಮ್ಮ ಸುತ್ತಲಿನ ಊರುಗಳವರೇ ಆಗಿದ್ದು, ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಾರೆ. ಇಂಥ ಕಡೆ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ಹೆಸರಿಲ್ಲದೆಯೂ ಹೇಳಬಹುದು. ನಾನು ಹಿಡಿದಿರುವ ಅಳತೆ ಒಂದೇ: ಕುಡಿತ ಬಿಡಿಸಿದವರು, ಬಿಟ್ಟ ಐದನೆಯ ವಾರದಲ್ಲಿ ಈ ಮನುಷ್ಯನ ಮನಸ್ಸು ಹೇಗಿದೆ ಎಂದು ವಿಚಾರಿಸಿದರೇ ಇಲ್ಲವೇ?

ಈ ಅಳತೆ ನನಗೆ ಪೆಟ್ಟು ತಿಂದು ತಿಳಿದದ್ದು. ಮೂರು ವರ್ಷಗಳ ಹಿಂದೆ ಮನೆಯವರು ನನ್ನನ್ನು ಬೇರೊಂದು ಜಿಲ್ಲೆಯ ವ್ಯಸನಮುಕ್ತಿ ಕೇಂದ್ರಕ್ಕೆ ಮೂವತ್ತು ದಿನಗಳ ಮಟ್ಟಿಗೆ ಸೇರಿಸಿದ್ದರು. ಹನ್ನೆರಡು ಸಾವಿರ ರೂಪಾಯಿ ಕಟ್ಟಿಸಿಕೊಂಡರು, ಮೊಬೈಲು ಇಸಿದುಕೊಂಡರು, ಗೇಟಿಗೆ ಬೀಗ ಹಾಕಿದರು. ಮೊದಲ ಮೂರು ದಿನ ಕೈಕಾಲು ನಡುಗಿ ಬೆವರಿನಲ್ಲಿ ತೊಯ್ದು ಬಿದ್ದಿದ್ದಾಗ ಒಬ್ಬ ವೈದ್ಯರೂ ಬಂದು ನೋಡಲಿಲ್ಲ. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನ ಭಾಷಣ, ಸಂಜೆ ಭಜನೆ. ಮೂವತ್ತನೆಯ ದಿನ ಪ್ರತಿಜ್ಞೆ ಮಾಡಿಸಿ, ಹಾರ ಹಾಕಿ, ಫೋಟೋ ತೆಗೆದು ಕಳುಹಿಸಿದರು. ಊರಿಗೆ ಬಂದ ಮೇಲೆ ಐದಾರು ದಿನ ಓಣಿಯವರೆಲ್ಲ ಮಾತನಾಡಿಸಿದರು. ಆಮೇಲೆ ನನ್ನೊಳಗೆ ಏನೋ ಕುಸಿಯತೊಡಗಿತು. ನಿದ್ದೆಯಿಲ್ಲ, ಹಸಿವಿಲ್ಲ, ಯಾವುದರಲ್ಲೂ ಮನಸ್ಸು ಹತ್ತುತ್ತಿರಲಿಲ್ಲ. ಕೇಂದ್ರಕ್ಕೆ ಫೋನ್ ಮಾಡಿದರೆ "ಮನಸ್ಸು ಗಟ್ಟಿ ಮಾಡ್ರಿ" ಎಂಬ ಮಾತಷ್ಟೇ ಸಿಕ್ಕಿತು. ನಲವತ್ತೊಂದನೆಯ ದಿನ ಮತ್ತೆ ಕುಡಿದೆ. ಆ ದಿನ ನನ್ನನ್ನು ಬಾಟಲಿಯ ಕಡೆಗೆ ಒಯ್ದದ್ದು ಕುಡಿತದ ಆಸೆಯಲ್ಲ. ಒಂದು ತಾಸಾದರೂ ಈ ಭಾರ ಇಳಿದೀತು ಎಂಬ ಆಸೆ.

ನಾನು ಇಳಕಲ್ಲಿನವನು, ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಮನೆಯಲ್ಲಿ ತಂದೆಯ ಕಾಲದ ಕುಣಿಮಗ್ಗವೊಂದಿದೆ. ಕುಡಿತ ಬಿಡುವ ವಿಚಾರ ನಮ್ಮೂರಿಗೆ ಹೊಸದೇನಲ್ಲ. ನಮ್ಮೂರ ಮಠದ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಸನ್ನೋ ಕಾಳನ್ನೋ ಬೇಡದೆ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನನ್ನ ತಂದೆ ತಮ್ಮ ಕುಡಿತವನ್ನು ಆ ಜೋಳಿಗೆಗೆ ಹಾಕಿ, ಸಾಯುವವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಹಾಕಿದೆ, ವರ್ಷದೊಳಗೆ ತೆಗೆದುಕೊಂಡೆ. ಅದು ಜೋಳಿಗೆಯ ದೋಷವಲ್ಲ. ತಂದೆಗೆ ಇಲ್ಲದಿದ್ದ ಇನ್ನೊಂದು ಕಾಯಿಲೆ ನನಗಿತ್ತು, ಅದು ಯಾರಿಗೂ ತಿಳಿದಿರಲಿಲ್ಲ ಎಂಬುದು ಈಗ ತಿಳಿಯುತ್ತಿದೆ.

ಈ ಚಿಕಿತ್ಸಾಲಯದ ಮೊದಲ ಭೇಟಿ ಫೆಬ್ರುವರಿಯ ಒಂದು ಗುರುವಾರ. ಇಳಕಲ್ಲಿನಿಂದ ಹುನಗುಂದ, ಅಮೀನಗಡದ ಮೇಲೆ ಬರುವ ಬಸ್ಸಿನಲ್ಲಿ ಇಳಿದು, ಹನ್ನೊಂದಕ್ಕೆ ಚೀಟಿ ಮಾಡಿಸಿ, ಒಳಗೆ ಹೋದಾಗ ಎರಡು ಗಂಟೆ. ಕಾದದ್ದಕ್ಕೆ ಸಿಟ್ಟು ಬಂದಿತ್ತಾದರೂ ಒಳಗೆ ಕಳೆದ ನಲವತ್ತು ನಿಮಿಷಗಳಲ್ಲಿ ಅದು ಇಳಿಯಿತು. ಎಷ್ಟು ಕುಡಿಯುತ್ತೀರಿ ಎಂಬ ಪ್ರಶ್ನೆಗೆ ನಾನು "ಸ್ವಲ್ಪ" ಎಂದಾಗ ಮನೋವೈದ್ಯರು ನಗಲೂ ಇಲ್ಲ, ಗದರಲೂ ಇಲ್ಲ. ಯಾವ ಪೊಟ್ಟಣ, ದಿನಕ್ಕೆ ಎಷ್ಟು, ಮೊದಲನೆಯದು ಎಷ್ಟು ಗಂಟೆಗೆ ಎಂದು ಕೇಳಿ ಲೆಕ್ಕ ಹಾಕಿದರು. 180 ಎಂ.ಎಲ್.ನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ, ಅಂದರೆ ಸುಮಾರು 60 ಗ್ರಾಂ. ನಾನು ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುತ್ತಿದ್ದೆ. ಹದಿನೆಂಟು ವರ್ಷ ಲೆಕ್ಕ ಬರೆದವನಿಗೆ ಈ ಲೆಕ್ಕವನ್ನು ಒಮ್ಮೆಯೂ ಬರೆಯಬೇಕೆನಿಸಿರಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಇಲ್ಲಿಯವರೆಗೆ ತಂದು ನಿಲ್ಲಿಸಿದೆ. "ಕುಡಿಯೋದು ಹತ್ತೋಕಿಂತ ಮುಂಚೆ, ಯಾವತ್ತರ ತಿಂಗಳುಗಟ್ಟಲೆ ಹಿಂಗ ಮಂಕಾಗಿದ್ರೇನ್ರಿ?" ನನಗೆ ಇಪ್ಪತ್ತೊಂದನೆಯ ವಯಸ್ಸು ನೆನಪಾಯಿತು. ಬಿ.ಎ. ಕೊನೆಯ ವರ್ಷ, ಅವ್ವ ತೀರಿಕೊಂಡ ನಂತರ, ನಾಲ್ಕು ತಿಂಗಳು ಕೋಣೆಯಿಂದ ಹೊರಗೆ ಬಂದಿರಲಿಲ್ಲ. ದೃಷ್ಟಿ ತೆಗೆಸಿದರು, ಗುಡಿಗೆ ಕರೆದೊಯ್ದರು, ತನ್ನಿಂದ ತಾನೇ ಕಡಿಮೆಯಾಯಿತು. ಕುಡಿತ ಶುರುವಾದದ್ದು ಅದಾಗಿ ಐದು ವರ್ಷಕ್ಕೆ. ವೈದ್ಯರು ಅದನ್ನು ಬರೆದುಕೊಂಡು ಅಡಿಗೆರೆ ಎಳೆದರು. ಹಿಂದಿನ ಕೇಂದ್ರದಲ್ಲಿ ಮೂವತ್ತು ದಿನ ಇದ್ದರೂ ಈ ಒಂದು ಪ್ರಶ್ನೆ ಯಾರ ಬಾಯಿಂದಲೂ ಬಂದಿರಲಿಲ್ಲ.

ಆ ದಿನ ಔಷಧಿ ಕೊಟ್ಟು ಮನೆಗೆ ಕಳುಹಿಸುತ್ತಾರೆ ಎಂದುಕೊಂಡಿದ್ದೆ. ಆದರೆ ಒಮ್ಮೆ ಕುಡಿತ ನಿಲ್ಲಿಸಿದ ಮರುದಿನ ನನಗೆ ಫಿಟ್ಸ್ ಬಂದಿತ್ತು ಎಂದು ಹೆಂಡತಿ ಹೇಳಿದ ಕೂಡಲೇ ಅವರು ನಿಲುವು ಬದಲಿಸಿದರು. ತಮ್ಮಲ್ಲಿ ಹಾಸಿಗೆಗಳಿಲ್ಲ, ಇಂಥವರನ್ನು ಹೊರರೋಗಿಯಾಗಿ ನೋಡುವುದು ಸರಿಯಲ್ಲ ಎಂದು ಹೇಳಿ, ಪತ್ರ ಬರೆದು ಆಸ್ಪತ್ರೆಗೆ ಸೇರಿಸಿದರು. ಗಿರಾಕಿಯನ್ನು ಬಿಟ್ಟುಕೊಡುವ ಈ ನಡೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ. ಮದ್ಯ ದೀರ್ಘಕಾಲ ಮಿದುಳನ್ನು ತಣ್ಣಗಿಟ್ಟಿರುತ್ತದೆ. ಅದಕ್ಕೆ ಎದುರಾಗಿ ಮಿದುಳು ತನ್ನ ಕಾವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವನ್ನು ಒಮ್ಮೆಗೇ ನಿಲ್ಲಿಸಿದರೆ ಆ ಕಾವು ಮಾತ್ರ ಉಳಿಯುತ್ತದೆ. ಆರು ತಾಸಿನಿಂದ ಒಂದು ದಿನದೊಳಗೆ ನಡುಕ, ಬೆವರು, ವಾಕರಿಕೆ. ಎರಡು ದಿನಗಳೊಳಗೆ ಫಿಟ್ಸ್ ಬರುವ ಭಯ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. ಚಿಕಿತ್ಸೆಯಿಲ್ಲದೆ ಇದರಿಂದ ಜೀವ ಹೋಗುವುದುಂಟು. ದಿನವೂ ಹೆಚ್ಚು ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ "ಮೂರು ದಿನದಾಗ ಸರಿ ಆಗತಾನ" ಎನ್ನುವ ಮನೆಯವರೂ ಕೇಂದ್ರದವರೂ ಇದನ್ನು ತಿಳಿದಿರಬೇಕು.

ಆಸ್ಪತ್ರೆಯಲ್ಲಿ ಆರು ದಿನ ಇದ್ದೆ. ಕ್ಲೋರ್‌ಡಯಜೆಪಾಕ್ಸೈಡ್ ಮಾತ್ರೆಯನ್ನು ಮೊದಲ ದಿನ ಹೆಚ್ಚು ಕೊಟ್ಟು ದಿನದಿನಕ್ಕೆ ಇಳಿಸುತ್ತ ಬಂದರು. ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್. ನಮ್ಮ ಕಡೆ ನಿಶ್ಶಕ್ತಿ ಎಂದೊಡನೆ ಗ್ಲೂಕೋಸ್ ಬಾಟಲಿ ಏರಿಸುವ ರೂಢಿ ಇದೆ. ಕುಡಿದು ಕುಡಿದು ಬಿ1 ಬರಿದಾದವನಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು ಎಂದು ಚಿಕಿತ್ಸಾಲಯದವರು ಪತ್ರದಲ್ಲಿಯೇ ಬರೆದು ಕಳುಹಿಸಿದ್ದರು. ಆಸ್ಪತ್ರೆಯಿಂದ ಬಿಟ್ಟ ಮರುದಿನವೇ ಇಲ್ಲಿಂದ ಫೋನ್ ಬಂತು. ಇಷ್ಟರಲ್ಲಿ ಬಂದ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಏರಿದ್ದರಿಂದ, ಕುಡಿತದ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್ ಬದಲು, ಮೂತ್ರಪಿಂಡದ ಮೂಲಕ ಹೊರಹೋಗುವ ಅಕಾಂಪ್ರೊಸೇಟ್ ಆರಿಸಿದರು. ಅದರಲ್ಲಿ ತೊಂದರೆ ಒಂದೇ: ದಿನಕ್ಕೆ ಮೂರು ಹೊತ್ತು ಎರಡೆರಡು, ಒಟ್ಟು ಆರು ಮಾತ್ರೆ. ಅಂಗಡಿಯ ಗಲ್ಲೆಯ ಮುಂದೆ ಕುಳಿತು ಮಧ್ಯಾಹ್ನದ ಎರಡನ್ನು ನುಂಗುವಾಗ ಮಾಲೀಕರು ದಿನವೂ ನೋಡುತ್ತಿದ್ದರು.

ನನ್ನ ಅವಸರವೆಲ್ಲ ಬೇಜಾರಿನ ಔಷಧಿಗಾಗಿ ಇತ್ತು. ಮೊದಲ ವಾರವೇ ಕೇಳಿದೆ. ವೈದ್ಯರು ಕೊಡಲಿಲ್ಲ, ಏಕೆಂಬುದನ್ನು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ಮದ್ಯವೇ ಮನಸ್ಸನ್ನು ಕುಗ್ಗಿಸುವ ವಸ್ತು. ಅದರಿಂದ ಬಂದ ಖಿನ್ನತೆ ಬಹಳಷ್ಟು ಜನರಲ್ಲಿ, ಕುಡಿತ ಬಿಟ್ಟ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ತಿಳಿಯಾಗದೆ ಉಳಿದರೆ, ಇಲ್ಲವೇ ಇಳಿದು ಮತ್ತೆ ಏರಿದರೆ, ಅದು ಕುಡಿತದ ನೆರಳಲ್ಲ, ಬೇರೆಯದೇ ಕಾಯಿಲೆ. ಹಿಂದೆಯೂ ಒಮ್ಮೆ ಬಂದದ್ದರಿಂದ ನನ್ನ ಮೇಲೆ ಅವರಿಗೆ ಅನುಮಾನವಿತ್ತು, ಆದರೂ ನಾಲ್ಕು ವಾರ ಅಳೆಯುತ್ತ ಕಾಯೋಣ ಎಂದರು. ಜೀವಕ್ಕೆ ಅಪಾಯವೆನಿಸಿದರೆ ಕಾಯುವುದಿಲ್ಲ ಎಂಬ ಮಾತನ್ನೂ ಸೇರಿಸಿದರು. ಹಿಂದಿನ ಬಾರಿ ನಾನು ನಲವತ್ತೊಂದನೆಯ ದಿನವೇ ಏಕೆ ಬಿದ್ದೆ ಎಂಬುದು ಆ ಗೆರೆಯನ್ನು ನೋಡಿದಾಗ ಅರ್ಥವಾಯಿತು. ಕೇಂದ್ರದ ಮೂವತ್ತು ದಿನ ಮುಗಿಯುವುದಕ್ಕೂ ಕಾಯಿಲೆ ತನ್ನ ಮುಖ ತೋರಿಸುವುದಕ್ಕೂ ಸರಿಹೋಗಿತ್ತು.

ಅಳತೆಗೆ ಅವರು ಬಳಸುವುದು ಪಿ.ಎಚ್.ಕ್ಯೂ.-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ. ಕಳೆದ ಎರಡು ವಾರಗಳಲ್ಲಿ ಬೇಸರ, ನಿದ್ದೆ, ದಣಿವು, ಹಸಿವು ಇತ್ಯಾದಿ ಎಷ್ಟು ದಿನ ಕಾಡಿದವು ಎಂದು ಪ್ರತಿ ಪ್ರಶ್ನೆಗೆ 0ಯಿಂದ 3ರವರೆಗೆ ಗುರುತು ಹಾಕಬೇಕು, ಒಟ್ಟು 27. ಹಾಳೆಯ ಕನ್ನಡ ಎಷ್ಟು ಒಣಗಿದೆಯೆಂದರೆ ಮೊದಲ ಪ್ರಶ್ನೆಗೇ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಕೆಲಸಗಳಲ್ಲಿ ಆಸಕ್ತಿ ಇದೆಯೇ ಎಂದರೆ, ದಿನವೂ ಅಂಗಡಿಗೆ ಹೋಗುವವನು ಇದೆ ಎಂದೇ ಬರೆಯುತ್ತಾನೆ. ಆಪ್ತಸಮಾಲೋಚಕಿ ಅದನ್ನು ಬದಿಗಿಟ್ಟು ಕೇಳಿದರು: "ಊಟ ಮಾಡಿದ್ರ ರುಚಿ ಹತ್ತತೈತೇನ್ರಿ? ಮಗಳು ನಕ್ಕರ ನಿಮಗೂ ನಗು ಬರತೈತೇನ್ರಿ?" ಎರಡಕ್ಕೂ ಇಲ್ಲವೆಂದೆ, 3 ಬಿತ್ತು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದನ್ನು ಅವರು ತಗ್ಗಿದ ದನಿಯಲ್ಲಿ ಗುನುಗಿ ದಾಟಿಸಲಿಲ್ಲ. ಪೆನ್ನು ಕೆಳಗಿಟ್ಟು, ಮುಖ ನೋಡಿ, ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಜನಕ್ಕಿದೆ. ನನಗೆ ಆದದ್ದು ಬೇರೆ. ಯಾರಿಗೂ ಹೇಳಲಾಗದೆ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಕಟ್ಟೆ ಸಿಕ್ಕಂತಾಯಿತು.

ಮೊದಲ ವಾರ 19 ಇದ್ದ ಅಂಕ ಮೂರನೆಯ ವಾರಕ್ಕೆ 13ಕ್ಕೆ ಇಳಿಯಿತು, ಗೆದ್ದೆನೆಂದುಕೊಂಡೆ. ಐದನೆಯ ವಾರ 17. ಆ ವಾರದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ, ಆದರೆ ಇದೇ ಹಾದಿಯಲ್ಲಿರುವವರಿಗಾಗಿ ಇಷ್ಟು ಹೇಳಬೇಕು. ಕುಡಿಯಬೇಕೆಂಬ ಸೆಳೆತ ಆಗ ಅಷ್ಟೇನೂ ಇರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಹದಿನೆಂಟು ವರ್ಷ ಮಂಜಿನಲ್ಲಿ ಕಂಡದ್ದೆಲ್ಲ ಈಗ ಬಿಸಿಲಿನಲ್ಲಿ ಕಾಣುತ್ತಿತ್ತು: ಮಾರಿದ ಇನ್ನೊಂದು ಮಗ್ಗ, ಅಡವಿಟ್ಟ ಬೋರಮಾಳ, ಮಗಳ ಶಾಲೆಯ ಮುಂದೆ ತೂರಾಡಿದ ದಿನ. ಓಣಿಯ ಕಾಕಾ ಒಬ್ಬರು "ಕುಡಿಯೂದು ಬಿಟ್ಟೀಯಲ್ಲ ತಮ್ಮಾ, ಇನ್ನ್ಯಾಕ ಮಾರಿ ಸಣ್ಣದು?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಅದಕ್ಕೆ ಉತ್ತರವಿರಲಿಲ್ಲ. ಬಿಟ್ಟವನು ಸಂತೋಷವಾಗಿರಬೇಕು ಎಂಬುದು ಊರಿನ ಲೆಕ್ಕ. ಆ ಲೆಕ್ಕ ನನ್ನಲ್ಲಿ ತಾಳೆಯಾಗುತ್ತಿರಲಿಲ್ಲ.

ಆ ಗುರುವಾರ ವೈದ್ಯರು ಸರ್ಟ್ರಾಲಿನ್ ಶುರು ಮಾಡಿದರು, 25 ಮಿ.ಗ್ರಾಂ., ವಾರದ ನಂತರ 50. ಮೊದಲ ಹತ್ತು ದಿನ ಹೊಟ್ಟೆ ತೊಳಸಬಹುದು, ಗುಣ ಕಾಣಲು ನಾಲ್ಕರಿಂದ ಆರು ವಾರ ಹಿಡಿಯಬಹುದು, ಇದು ಚಟ ಹಿಡಿಸುವ ಮಾತ್ರೆಯಲ್ಲ, ಆದರೆ ತಾವಾಗಿ ಥಟ್ಟನೆ ನಿಲ್ಲಿಸಬಾರದು ಎಂದು ಹೇಳಿ, ಅದನ್ನೆಲ್ಲ ಕನ್ನಡದಲ್ಲಿ ಬರೆದೂ ಕೊಟ್ಟರು. ನಾನು ತೆಗೆದುಕೊಂಡ ಮಾತ್ರೆಗಳ ಹೆಸರನ್ನು ಇಲ್ಲಿ ಬರೆದಿರುವುದು ಅಂಗಡಿಯಲ್ಲಿ ಕೇಳಿ ಕೊಳ್ಳುವುದಕ್ಕಲ್ಲ. ವೈದ್ಯರು ಯಾವುದನ್ನು ಏಕೆ ಬರೆದರೆಂದು ವಿವರಿಸುವ ಚಿಕಿತ್ಸಾಲಯವನ್ನು ನಾನು ಮೊದಲ ಬಾರಿ ನೋಡಿದೆ ಎಂದು ತೋರಿಸುವುದಕ್ಕೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಎಂಬ ಜಾಹೀರಾತು ನೋಡಿ ನನ್ನ ಹೆಂಡತಿಯೂ ಹಿಂದೊಮ್ಮೆ ಸಾರಿನಲ್ಲಿ ಪುಡಿ ಹಾಕಿದ್ದಳಂತೆ. ಅಂಥದ್ದರಲ್ಲಿ ಏನಿರುತ್ತದೋ ಕೊಳ್ಳುವವರಿಗೆ ತಿಳಿಯುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಕುಡಿಯುವವನಿಗೆ ಹೇಳದೆ ಕೊಟ್ಟರೆ, ಮೇಲೆ ಮದ್ಯ ಬಿದ್ದಾಗ ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು, ಜೀವಕ್ಕೇ ಬರಬಹುದು ಎಂದು ಇಲ್ಲಿ ಕೇಳಿದ ಮೇಲೆ ಅವಳು ಅತ್ತಳು.

ಆಪ್ತಸಮಾಲೋಚನೆಯೇ ಈ ಜಾಗದ ನಿಜವಾದ ಬಂಡವಾಳ. ವಾರಕ್ಕೊಮ್ಮೆ ಮುಕ್ಕಾಲು ತಾಸು. ಅಲ್ಲಿ ಉಪದೇಶವಿಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಪ್ರತಿ ತಾಸಿಗೆ ಏನು ಮಾಡಿದೆ, ಆಗ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಬೇಕು. ಲೆಕ್ಕದವನಿಗೆ ಇದು ಒಗ್ಗಿತು. ಎರಡು ವಾರದ ಲೆಕ್ಕ ನೋಡಿದಾಗ ಒಂದು ವಿಚಿತ್ರ ಕಂಡಿತು: ಮಲಗಿ ವಿಶ್ರಾಂತಿ ತೆಗೆದುಕೊಂಡೆ ಎಂದ ತಾಸುಗಳಿಗೆಲ್ಲ 1 ಅಥವಾ 2, ಕೆಟ್ಟು ನಿಂತಿದ್ದ ಮಗ್ಗದ ಎಳೆಗಳನ್ನು ಒಂದು ಸಂಜೆ ಸುಮ್ಮನೆ ಬಿಡಿಸಿದ ಅರ್ಧ ತಾಸಿಗೆ 4. ಅವರು ಅದರ ಮೇಲೆ ಬೆರಳಿಟ್ಟು, ದಿನವೂ ಬೆಳಿಗ್ಗೆ ಅರ್ಧ ತಾಸು ಮಗ್ಗಕ್ಕೆ ಕೂಡಿರಿ ಎಂದರು. ಮನಸ್ಸಾದರೆ ಕೂಡುವುದಲ್ಲ, ಗಡಿಯಾರ ನೋಡಿ ಕೂಡುವುದು. ಮೊದಲ ವಾರ ಅದೊಂದು ಶಿಕ್ಷೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನು) ಸೆರಗಿನ ಹಾಸನ್ನೂ ಎಳೆಗೆಳೆ ಕೊಂಡಿ ಹಾಕಿ ಜೋಡಿಸಬೇಕು. ಕುಡಿತದ ಕಾಲದಲ್ಲಿ ಕೈ ನಡುಕಕ್ಕೆ ಆ ಕೆಲಸ ಬಿಟ್ಟೇ ಹೋಗಿತ್ತು. ಮೇ ತಿಂಗಳಿನಲ್ಲಿ ಒಂದು ಸೀರೆಯ ಕೊಂಡಿಯನ್ನು ನಾನೇ ಹಾಕಿದೆ. ನೋಟ್‌ಬುಕ್ಕಿನಲ್ಲಿ ಆ ದಿನದ ಅಂಕ 7. ಮೊದಲ ಏಳು ಅದೇ.

ಸಂಜೆಯ ಸೆಳೆತಕ್ಕೂ ಅವರ ಉಪಾಯ ಸರಳ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಿದೆ ಎಂದು ಮೊದಲು ನೋಡಿಕೊಳ್ಳಬೇಕು. ನನಗೆ ಹೆಚ್ಚಿನ ದಿನ ಇದ್ದದ್ದು ಬರೀ ಹಸಿವು. ಆರು ಗಂಟೆಗೆ ಒಂದು ರೊಟ್ಟಿ, ಶೇಂಗಾ ಹಿಂಡಿ ತಿಂದರೆ ಏಳರ ಸೆಳೆತ ಅರ್ಧಕ್ಕೆ ಇಳಿಯುತ್ತಿತ್ತು. ಉಳಿದದ್ದು ಅಲೆಯಂತೆ ಎದ್ದು ಸುಮಾರು ಅರ್ಧ ತಾಸಿನಲ್ಲಿ ಬೀಳುತ್ತದೆ, ಅದನ್ನು ತಡೆಯಲು ಹೋಗದೆ ನೋಡುತ್ತ ನಿಲ್ಲಿ ಎಂದಿದ್ದರು. ಸಿಹಿಯ ಆಸೆ ಹುಚ್ಚಾಗಿ ಹೆಚ್ಚಿತ್ತು, ಬಿಟ್ಟವರಲ್ಲಿ ಇದು ಸಾಮಾನ್ಯವಂತೆ. ಪ್ರತಿ ಗುರುವಾರ ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟು ಮನೆ ಮುಟ್ಟಿದ ನೆನಪಿಲ್ಲ.

ನಾಲ್ಕನೆಯ ಭೇಟಿಗೆ ಹೆಂಡತಿಯನ್ನು ಕರೆತರಲು ಹೇಳಿದರು. ಅವಳು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಕುಡದಾಗ ಜಗಳಾನರ ಮಾಡತಿದ್ರು, ಮಾತರ ಇರತಿತ್ತು. ಈಗ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾರ. ಯಾವುದು ಚಲೋ ಅಂತ ನನಗ ತಿಳಿವಲ್ದು ಮೇಡಂ." ಸಮಾಲೋಚಕಿ ಅವಳನ್ನು ಸಮಾಧಾನಪಡಿಸುವ ಅವಸರ ಮಾಡಲಿಲ್ಲ. ಇದು ಸಿಟ್ಟಲ್ಲ, ಕಾಯಿಲೆ ಎಂದು ಒಂದು ಸಲ ಹೇಳಿ, ಅವಳ ನಿದ್ದೆ, ಅವಳ ಊಟ, ಅವಳ ಹಣದ ಚಿಂತೆಗಳನ್ನು ಒಂದೊಂದಾಗಿ ಕೇಳಿದರು. ಹದಿನೈದು ವರ್ಷಗಳಲ್ಲಿ ನನ್ನ ಕುಡಿತದ ವಿಷಯವಾಗಿ ಅವಳನ್ನು ಎಲ್ಲರೂ ಕೇಳಿದ್ದಾರೆ; ಅವಳ ವಿಷಯವಾಗಿ ಅವಳನ್ನು ಕೇಳಿದ್ದು ಅಂದೇ. ಈ ಸೇವೆಗೆ ಬೇರೆ ಶುಲ್ಕ ತೆಗೆದುಕೊಳ್ಳಲಿಲ್ಲ.

ಇನ್ನು ದೂರುಗಳು. ಮನೋವೈದ್ಯರು ವಾರಕ್ಕೆ ಒಂದೇ ದಿನ ಬರುತ್ತಾರೆ, ಅಂದು ಮೂರು ತಾಸು ಕಾಯುವುದು ಖಂಡಿತ. ಕಾಯುವ ಕೋಣೆಗೂ ಸಮಾಲೋಚನೆಯ ಕೋಣೆಗೂ ನಡುವೆ ಇರುವುದು ಪ್ಲೈವುಡ್ ಗೋಡೆ. ಬೇರೆಯವರ ಅಳು ನನಗೆ ಕೇಳಿಸಿದೆ, ನನ್ನದು ಬೇರೆಯವರಿಗೆ ಕೇಳಿಸಿರಲೇಬೇಕು. ಇದಕ್ಕಿಂತ ಕೆಟ್ಟದ್ದು, ಮುಂದಿನ ಮೇಜಿನ ಹುಡುಗನ ಕೂಗು: "ಇಳಕಲ್ ಡ್ರಿಂಕ್ಸ್ ಕೇಸ್ ಯಾರ್ರಿ, ಒಳಗ ಬರ್ರಿ!" ಆ ದಿನ ಅಲ್ಲಿ ನಮ್ಮೂರಿನ ಇನ್ನೊಬ್ಬರಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ನಾನು ಬರೆದು ದೂರು ಕೊಟ್ಟ ಮೇಲೆ ಈಗ ಟೋಕನ್ ಸಂಖ್ಯೆ ಕೂಗುತ್ತಾರೆ, ಗೋಡೆ ಮಾತ್ರ ಹಾಗೆಯೇ ಇದೆ. ಮೂರನೆಯ ತಿಂಗಳಲ್ಲಿ ನನ್ನ ಸಮಾಲೋಚಕಿ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದರು. ಮುಂಚಿತವಾಗಿ ಯಾರೂ ಹೇಳಲಿಲ್ಲ, ಹೋದ ದಿನ ಬೇರೊಬ್ಬರು ಕುಳಿತಿದ್ದರು. ಖಿನ್ನತೆಯಲ್ಲಿದ್ದವನಿಗೆ ಹೀಗೆ ಥಟ್ಟನೆ ಒಬ್ಬರು ಇಲ್ಲವಾಗುವುದು ಸಣ್ಣ ಸಂಗತಿಯಲ್ಲ. ಹೊಸಬರು ಒಳ್ಳೆಯವರೇ, ಆದರೆ ನನ್ನ ನೋಟ್‌ಬುಕ್ಕನ್ನು ಅವರು ತಿರುವಿ ನೋಡಲು ಮೂರು ವಾರ ಬೇಕಾಯಿತು. ಪಕ್ಕದ ಔಷಧಿ ಅಂಗಡಿಯಲ್ಲಿ ಅಕಾಂಪ್ರೊಸೇಟ್ ಎರಡು ಸಲ ಸಿಗಲಿಲ್ಲ. ಕುಡಿತ ಬಿಟ್ಟವರ ಗುಂಪುಸಭೆಯನ್ನು ಸಂಜೆ ಐದಕ್ಕೆ ಇಟ್ಟಿರುವುದರಿಂದ ನನ್ನಂತೆ ದೂರದಿಂದ ಬರುವವರು ಅರ್ಧಕ್ಕೆ ಎದ್ದು ಬಸ್ಸಿಗೆ ಓಡಬೇಕು. ಆ ಸಭೆಯಲ್ಲಿ ಈವರೆಗೆ ಒಬ್ಬ ಹೆಣ್ಣುಮಗಳನ್ನೂ ಕಂಡಿಲ್ಲ, ಅವರಿಗಾಗಿ ಬೇರೆ ಸಮಯವೂ ಇಲ್ಲ. ಕುಡಿಯುವ ಹೆಂಗಸರು ನಮ್ಮ ಜಿಲ್ಲೆಯಲ್ಲಿಲ್ಲವೆಂದು ಇವರು ತಿಳಿದಿದ್ದರೆ ಅದು ತಪ್ಪು.

ರಾತ್ರಿಯ ಹೊತ್ತಿಗೆ ಇಲ್ಲಿ ಯಾರೂ ಸಿಗುವುದಿಲ್ಲ. ಆದರೆ ಅದನ್ನು ಮೊದಲೇ ಹೇಳಿ, ಚೀಟಿಯ ಹಿಂದೆ 14416 ಎಂದು ಬರೆದು ಕೊಟ್ಟಿದ್ದರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಐದನೆಯ ವಾರದ ಒಂದು ರಾತ್ರಿ ಎರಡು ಗಂಟೆಗೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ಆ ಸಂಖ್ಯೆ ಒತ್ತಿದೆ. ಆ ಕಡೆಯ ಹೆಣ್ಣುಮಗಳು ಮೊದಲು ಕೇಳಿದ್ದು, ಈಗ ಮನೆಯಲ್ಲಿ ಎಚ್ಚರವಿರುವವರು ಯಾರಿದ್ದಾರೆ ಎಂದು. ಯಾರೂ ಇಲ್ಲ ಎಂದಾಗ, ಹಾಗಾದರೆ ಹೆಂಡತಿಯನ್ನು ಎಬ್ಬಿಸುವವರೆಗೆ ನಾನು ಮಾತಾಡುತ್ತಲೇ ಇರುತ್ತೇನೆ ಎಂದರು. ಎಬ್ಬಿಸಿದೆ. ಮರುದಿನ ಮಧ್ಯಾಹ್ನ ಅವರೇ ಮತ್ತೆ ವಿಚಾರಿಸಿದರು. ವ್ಯಸನದ ವಿಷಯಕ್ಕೆಂದೇ 14446 ಎಂಬ ಇನ್ನೊಂದು ಉಚಿತ ಸಂಖ್ಯೆಯೂ ಇದೆ. ಅದನ್ನು ನಾನು ಬಳಸಿಲ್ಲ.

ಖರ್ಚು: ಮೊದಲ ಭೇಟಿಗೆ 600 ರೂಪಾಯಿ, ನಂತರ 400, ಸಮಾಲೋಚನೆಗೆ 500, ಗುಂಪುಸಭೆ ಉಚಿತ. ಅಕಾಂಪ್ರೊಸೇಟ್ ಒಂದಕ್ಕೇ ತಿಂಗಳಿಗೆ 1,500 ರೂಪಾಯಿಯ ಆಸುಪಾಸು. ಸರ್ಟ್ರಾಲಿನ್ ಜನೌಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತು. ಬಸ್ಸಿನ ಖರ್ಚೂ ಸೇರಿ ಮೊದಲ ಮೂರು ತಿಂಗಳು, ತಿಂಗಳಿಗೆ ಸರಾಸರಿ 5,500 ಆಯಿತು. ಹಳೆಯ ಲೆಕ್ಕದಲ್ಲಿ ಕುಡಿತಕ್ಕೆ 9,000 ಹೋಗುತ್ತಿತ್ತು. ಕೂಲಿಯವರಿಗೆ ಇದೂ ಹೆಚ್ಚೇ. ಅಂಥವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ಏರ್ಪಾಡಿದೆ, ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಶುಲ್ಕವಿಲ್ಲದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೂ ಒಮ್ಮೆ ಹೋಗಿದ್ದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರ ಮಾತುಕತೆಯಿಂದ ಹುಟ್ಟಿದ ಆ ಕೂಟದಲ್ಲಿ ಸಂಗಡಿಗರು ಸಿಗುತ್ತಾರೆ. ಆದರೆ ಮಾತ್ರೆ ಬೇಕಾದ ಖಿನ್ನತೆಗೆ ಅದು ಬದಲಿಯಲ್ಲ, ಅವರೂ ಹಾಗೆ ಹೇಳಿಕೊಳ್ಳುವುದಿಲ್ಲ.

ಮನೆಯವರು ಬಲವಂತವಾಗಿ ಸೇರಿಸುವ ಕೇಂದ್ರಗಳ ಬಗ್ಗೆ ಒಂದು ಮಾತು. 2017ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಎಂಬುದರ ಅರ್ಥದಲ್ಲಿ ಮದ್ಯ ಹಾಗೂ ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿಯಾಗಿರಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮೊದಲ ವಾರ ವೈದ್ಯರು ಎಷ್ಟು ಸಲ ನೋಡುತ್ತಾರೆ ಎಂದು ಕೇಳಿ. ಬಿಟ್ಟು ಕಳುಹಿಸಿದ ಮೇಲೆ ಎರಡನೆಯ ತಿಂಗಳು ಯಾರು ಫೋನ್ ಮಾಡುತ್ತಾರೆ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಎದ್ದು ಬನ್ನಿ.

ಈ ಚಿಕಿತ್ಸಾಲಯಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಗೋಡೆಗೆ ಮತ್ತು ಹೇಳದೆ ಸಮಾಲೋಚಕರನ್ನು ಬದಲಿಸಿದ್ದಕ್ಕೆ. ಕುಡಿತದ ಜೊತೆಗೆ ಮನಸ್ಸಿನ ಭಾರವೂ ಇರುವವರಿಗೆ, ವಾರಕ್ಕೊಂದು ದಿನ ಪೂರ್ತಿ ಬಿಡುವು ಮಾಡಿಕೊಳ್ಳಬಲ್ಲವರಿಗೆ ಇದು ತಕ್ಕ ಜಾಗ. ಒಂದು ವಾರದಲ್ಲಿ ಬಿಡಿಸಿ ಕೊಡಿ ಎನ್ನುವವರಿಗೆ ಅಲ್ಲ. ಹೋಗುವವರು ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ, ಮನೆಯವರೊಬ್ಬರನ್ನು ಕರೆದೊಯ್ಯಿರಿ, ಹಿಂದೆ ಫಿಟ್ಸ್ ಬಂದಿದ್ದರೆ ಮುಚ್ಚಿಡಬೇಡಿ, ಊಟದ ಬುತ್ತಿ ಕಟ್ಟಿಕೊಳ್ಳಿ.

ಶ್ರಾವಣದಲ್ಲಿ ಊರಿನ ಅರ್ಧ ಗಂಡಸರು ಬಿಟ್ಟರು. ಶ್ರಾವಣ ಮುಗಿದ ಮೇಲೆ ಅವರಲ್ಲಿ ಹೆಚ್ಚಿನವರು ಮತ್ತೆ ಹಿಡಿದರು, ನಾನು ಈ ಬಾರಿ ಅವರ ಲೆಕ್ಕದಲ್ಲಿ ಇರಲಿಲ್ಲ. ಜೂನಿನಲ್ಲಿ ಒಂದು ಮದುವೆಯ ರಾತ್ರಿ ತೊಂಬತ್ತು ಎಂ.ಎಲ್. ಕುಡಿದೆ ಎಂಬುದನ್ನೂ ಬರೆಯಬೇಕು. ಮರುದಿನವೇ ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ, ಆ ಸಂಜೆ ಆರಕ್ಕೆ ಏನು ತಿಂದಿದ್ದಿರಿ ಎಂದು ಕೇಳಿದರು. ಏನೂ ತಿಂದಿರಲಿಲ್ಲ. ಕಳೆದ ಗುರುವಾರದ ಹಾಳೆಯಲ್ಲಿ ನನ್ನ ಅಂಕ 6, ಅದರಲ್ಲಿ ನಿದ್ದೆಯದೇ 2. ಗುಣವಾದಂತೆ ಕಂಡ ಮೇಲೂ ಕನಿಷ್ಠ ಆರು ತಿಂಗಳು ಸರ್ಟ್ರಾಲಿನ್ ಮುಂದುವರಿಸಬೇಕಂತೆ. ಮುಂದಿನ ಭೇಟಿ ಹದಿನೈದು ದಿನಕ್ಕೆ, ಟೋಕನ್ ಒಂಬತ್ತು. ಬೆಳಗಿನ ಮೊದಲ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಮುಗಿಸಿಕೊಂಡು ಬಂದು ಮಗ್ಗಕ್ಕೆ ಕೂಡಬಹುದು.